ಅರ್ಧ ಗಡ್ಡ

ಕ್ಷೌರದ ಕತ್ತಿ ಗಂಟಲ ಮೇಲೆ ಬಂದು ನಿಂತುಬಿಟ್ಟಿತು.

ಮೆಡಿಕಲ್ ಶಾಪಿನ ಯಜಮಾನನಿಗೆ ಮೊದಲು ಗೊತ್ತಾಗಲಿಲ್ಲ. ಬಲಗೆನ್ನೆ ಮುಗಿದಿತ್ತು, ಎಡಗೆನ್ನೆ ತುಂಬ ಇನ್ನೂ ನೊರೆ. ಎಷ್ಟು ಹೊತ್ತಾದರೂ ಕತ್ತಿ ಕದಲದಿದ್ದಾಗ ಕನ್ನಡಿ ನೋಡಿದ. ಎಪ್ಪತ್ತು ದಾಟಿದ ಕ್ಷೌರಿಕನ ಕಣ್ಣು ಮುಚ್ಚಿತ್ತು, ಬಾಯಿ ತುಸು ತೆರೆದಿತ್ತು. ಬೆಳ್ಳಂಬೆಳಿಗ್ಗೆ, ನಿಂತಲ್ಲೇ ನಿದ್ದೆ!

ಕೂಗೋಣವೆಂದರೆ, ಮುದುಕ ಬೆಚ್ಚಿಬಿದ್ದರೆ ಗತಿಯೇನು? ಉಗುಳು ನುಂಗೋಣವೆಂದರೆ ಗಂಟಲು ಮೇಲೇರುತ್ತದೆ, ಏರಿದರೆ ಅಲಗಿಗೆ ತಾಗುತ್ತದೆ. ಅಯ್ಯೋ, ಇಪ್ಪತ್ತು ವರ್ಷದಿಂದ ಇದೇ ಕುರ್ಚಿಯಲ್ಲಿ ಆರಾಮಾಗಿ ಕಣ್ಣು ಮುಚ್ಚಿ ಕೂರುತ್ತಿದ್ದವನು ಇವತ್ತು ರೆಪ್ಪೆ ಬಡಿಯಲೂ ಹೆದರಿದ. ಅಜ್ಜನ ತಲೆ ತೂಗಿತು. ಅಲಗು ಕೂದಲೆಳೆಯಷ್ಟು ಕೆಳಗೆ ಜಾರಿತು. ಜೀವ ಬಾಯಿಗೆ ಬಂತು. ಹೊದಿಸಿದ್ದ ಬಟ್ಟೆಯ ಅಡಿಯಿಂದ ಮೆಲ್ಲಗೆ ಕೈ ತೆಗೆದು, ಅಜ್ಜನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದ.

“ಅಜ್ಜಾ!”

“ಹಾಂ... ಏನ್ ಸಾರ್, ಉರೀತಾ?”

“ಉರಿಯೋದಾ? ನನ್ನ ಕುತ್ತಿಗೆಯೇ ಹೋಗ್ತಿತ್ತಲ್ರೀ! ತೂಕಡಿಸ್ತಾ ಇದ್ರಿ ನೀವು!”

ಅಜ್ಜ ಕತ್ತಿ ನೋಡಿದ, ತನ್ನ ಕೈ ನೋಡಿಕೊಂಡ. ಮುಖ ಬಿಳಿಚಿಕೊಂಡಿತು. “ತಪ್ಪಾಯ್ತು ಸಾರ್. ಐವತ್ತು ವರ್ಷದಲ್ಲಿ ಒಂದ್ಸಲಾನೂ ಹೀಗಾಗಿರ್ಲಿಲ್ಲ. ರಾತ್ರಿ ಎರಡಕ್ಕೆಲ್ಲ ಎಚ್ಚರ ಆಗುತ್ತೆ ಅಂದಿದ್ದಕ್ಕೆ, ಒಂದು ನಿದ್ದೆ ಮಾತ್ರೆ ಸಾಲ್ದಿದ್ರೆ ಎರಡು ನುಂಗಿ ಅಂತ ನೀವೇ ಹೇಳಿದ್ರಿ. ರಾತ್ರಿ ಏನೋ ಗಡದ್ದಾಗಿ ನಿದ್ದೆ ಬರುತ್ತೆ. ಆದ್ರೆ ಬೆಳಿಗ್ಗೆ ಅದು ಬಿಟ್ಟು ಹೋಗೋದೇ ಇಲ್ಲ.”

ಯಜಮಾನ ಕುರ್ಚಿಯಲ್ಲೇ ಅಜ್ಜನತ್ತ ತಿರುಗಿದ. “ಡಾಕ್ಟರಿಗೆ ತೋರಿಸ್ಲಿಲ್ವಾ?”

“ತೋರಿಸಿದ್ದೆ. ವಯಸ್ಸಾದವರಿಗೆ ಮಾತ್ರೆ ಮಂಪರು ಬೇಗ ಇಳಿಯಲ್ಲ, ಬೇಡ ಅಂದ್ರು. ಮಧ್ಯಾಹ್ನ ಮಲಗಬೇಡಿ, ಸಂಜೆ ಮೇಲೆ ಕಾಫಿ ಬಿಡಿ, ದಿನಾ ಒಂದೇ ಹೊತ್ತಿಗೆ ಎದ್ದು ಬಿಸಿಲಲ್ಲಿ ಓಡಾಡಿ ಅಂತ ದೊಡ್ಡ ಪುರಾಣ ಶುರು ಮಾಡಿದ್ರು. ಅದೆಲ್ಲ ಯಾರ ಕೈಲಾಗುತ್ತೆ? ನೀವು ಪುಣ್ಯಾತ್ಮರು, ಚೀಟಿನೂ ಕೇಳದೆ ಕೊಟ್ರಿ.”

“ಇನ್ನು ಮೇಲೆ ಕೊಡಲ್ಲ. ಕತ್ತಿ ಮಡಚಿಡಿ. ಅಂಗಡಿ ಮುಚ್ಚಿ, ನಡೀರಿ ಡಾಕ್ಟರ ಹತ್ರ.”

ಅಜ್ಜನಿಗೆ ಅವಮಾನವಾಯಿತು. “ನನ್ನೊಬ್ಬನ ಮೇಲೇ ಯಾಕೆ ಸಾರ್ ರೇಗ್ತೀರಿ? ಸ್ಕೂಲ್ ವ್ಯಾನ್ ಓಡಿಸೋ ತಾತನಿಗೂ ನಿದ್ದೆ ಬರ್ತಿರಲಿಲ್ಲ. ನಾನೇ ನಿಮ್ಹತ್ರ ಕಳಿಸಿದ್ದು. ಅವನಿಗೂ ನಿನ್ನೆ ರಾತ್ರಿಯಿಂದ ಎರಡು ಮಾಡಿದ್ರಂತಲ್ಲ.”

ಯಜಮಾನ ದಿಗ್ಗನೆ ಎದ್ದ. ಬೀದಿಯ ತಿರುವಿನಲ್ಲಿ ವ್ಯಾನಿನ ಸದ್ದು, ಅದರೊಳಗೆ ಮಕ್ಕಳ ಗಲಾಟೆ. “ಅಯ್ಯೋ ದೇವರೇ” ಎನ್ನುತ್ತ ಬಾಗಿಲು ದಾಟಿ ಓಡಿದ.

ಕೊರಳಲ್ಲಿ ಕ್ಷೌರದ ಬಟ್ಟೆ, ಒಂದು ಕೆನ್ನೆಯ ತುಂಬ ನೊರೆ. ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತ. ವ್ಯಾನು ಬರುತ್ತಲೇ ಇತ್ತು, ವೇಗ ತಗ್ಗಲಿಲ್ಲ.