ಕಾಟಲಿಂಗಪ್ಪನ ಪಾಯಿಂಟು

ಅಂಬ್ರೀನ್ ಕಬ್ಬಿಣದ ಗೂಟ ಬಡಿದದ್ದು ಸರಿಯಾಗಿ, ನೀರು ನೋಡುವ ಕಾಟಲಿಂಗಪ್ಪನ ಮಾನ ಹೋದ ಜಾಗದಲ್ಲಿ. ಹಿರಿಯೂರಿನ ಆಚೆ, ಜಂಬಣ್ಣನ ಹೊಲ. ಆರು ವರ್ಷದ ಹಿಂದೆ ಅಲ್ಲೇ ಕಾಟಲಿಂಗಪ್ಪನ ಅಂಗೈ ಮೇಲೆ ತೆಂಗಿನಕಾಯಿ ನೆಟ್ಟಗೆ ಎದ್ದು ನಿಂತಿತ್ತು. ಗಂಗಮ್ಮ ಇಲ್ಲೇ ಅವಳೆ, ಕೊರೆಸು ಅಂದಿದ್ದ. ಜಂಬಣ್ಣ ಆರುನೂರು ಅಡಿ ಬೋರು ಕೊರೆಸಿದರೆ ಬಂದದ್ದು ಮೊದಲು ಬೂದು ಕೆಸರು, ಆಮೇಲೆ ಬರೀ ಧೂಳು. ಅಂದಿನಿಂದ ಬೋರಿಗೆ ಪಾಯಿಂಟು ತೋರಿಸು ಬಾ ಎಂದು ಅವನನ್ನು ಕರೆದವರಿಲ್ಲ. ಮನೆಗೆ ಕಾಯಿ ತರಲು ಹೋದರೂ ಅಂಗಡಿಯವನು, "ಚಟ್ನಿಗೋ, ಬೋರಿಗೋ?" ಎಂದು ಕೇಳುತ್ತಿದ್ದ.

ಈಗ ನೋಡಿದರೆ ದುರ್ಗದ ಈ ಹುಡುಗಿ ಹೊಲದುದ್ದಕ್ಕೂ ಗೂಟ ನೆಟ್ಟು, ವೈರು ಎಳೆದು, ನೆಲಕ್ಕೆ ಕರೆಂಟು ಬಿಟ್ಟು, ಲ್ಯಾಪ್‌ಟಾಪು ನೋಡಿ, ಅದೇ ಜಾಗಕ್ಕೆ ಸುಣ್ಣದ ಗುರುತು ಹಾಕುತ್ತಿದ್ದಾಳೆ! ಕಾಟಲಿಂಗಪ್ಪ ಪಂಚೆ ಎತ್ತಿಕೊಂಡು ಓಡಿ ಬಂದ.

"ಅಲ್ಲಿ ಬ್ಯಾಡ್ರಿ ಮೇಡಂ! ಆ ಬೇವಿನ ಮರದ ತಾವ ಕೊರೀರಿ, ನೀರು ಉಕ್ತೈತೆ."

"ನನಗೆ ನೀರು ಬೇಡ ತಾತ. ಕೆಸರು ಬೇಕು. ಹಳೇ ಕೆಸರು."

ಕಾಟಲಿಂಗಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. ಕೆಸರು ಹುಡುಕುವುದಕ್ಕೂ ಓದಬೇಕು ಎಂದು ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಜಂಬಣ್ಣ ಬಂದ. "ಏನವ್ವ, ಈ ಯಪ್ಪನ ಶಿಷ್ಯೆನಾ ನೀನು? ಜಾಗ ಅಳತೆ ಹಿಡ್ದಂಗೆ ಹಿಡಿದಿದೀಯಲ್ಲ! ಏನು ಓದೀಯ?"

"ಡಾಕ್ಟರೇಟ್ ಆಗಿದೆ. ಈಗ ಅದಾದ ಮೇಲಿನ ಸಂಶೋಧನೆ, ಹಳೇ ಕಾಲದ ಮಳೆ ಬಗ್ಗೆ."

"ಡಾಕ್ಟ್ರಾದ ಮ್ಯಾಲೂ ಬಿಟ್ಟಿಲ್ವಾ ನಿನ್ನ? ಪಾಪ! ಕೊರಿಯವ್ವ, ಕೊರಿ. ಕಾಟಲಿಂಗಣ್ಣನೂ ನೋಡ್ಲಿ."

ಕಾಟಲಿಂಗಪ್ಪನಿಗೆ ಹೋಗಲೂ ಆಗಲಿಲ್ಲ, ಇರಲೂ ಆಗಲಿಲ್ಲ. ಬದುವಿನ ಮೇಲೆ ಕುಂತು ಕಣ್ಣು ಮುಚ್ಚಿದ. ಜೀವಮಾನವೆಲ್ಲ ನೀರು ಬೇಡಿದವನು ಅವತ್ತು, "ಗಂಗಮ್ಮ, ಕಲ್ಲು ಬರಲಿ, ಸುಣ್ಣ ಬರಲಿ, ಕೆಸರೊಂದು ಬ್ಯಾಡ ತಾಯಿ" ಎಂದು ಬೇಡಿಕೊಂಡ.

ಇಬ್ಬರು ಆಳುಗಳು ಉಕ್ಕಿನ ಕೊಳವೆಯನ್ನು ನೆಲಕ್ಕೆ ಬಡಿದು ಇಳಿಸಿ, ಮೇಲಕ್ಕೆಳೆದು, ಉದ್ದುದ್ದ ಬಿಚ್ಚಿದರು. ಒಳಗೆ ಕೆಸರು. ಮತ್ತೊಂದು ಮೀಟರು ಇಳಿಸಿದರು, ಅದರಲ್ಲೂ ಕೆಸರು. ಏಳು ಮೀಟರು ಇಳಿದರೂ, ಮುದ್ದೆಯಷ್ಟು ನುಣ್ಣನೆಯ ಬೂದು ಕೆಸರು. ಅಂಬ್ರೀನ್ ಚಪ್ಪಾಳೆ ತಟ್ಟಿ ಕುಣಿದಳು. ಜಂಬಣ್ಣ ತೊಡೆ ತಟ್ಟಿ ನಕ್ಕ.

"ಆರು ವರ್ಸ ಆದ್ರೂ ನಿನ್ನ ಕೆಸರು ಖಾಲಿ ಆಗಿಲ್ವಲ್ಲೋ ಮಾರಾಯ! ನೀರು ಐತಂತೆ, ನೀರು!"

ಕಾಟಲಿಂಗಪ್ಪ ತಲೆ ಎತ್ತಲಿಲ್ಲ. ಅಂಬ್ರೀನ್ ಕೆಸರಿನಿಂದ ಚಿಮಟದಲ್ಲಿ ಏನನ್ನೋ ಎತ್ತಿ ತಂದು ಅವನೆದುರು ಹಿಡಿದಳು. ಸಾಸಿವೆಗಿಂತ ತುಸು ದೊಡ್ಡದು, ಸುರುಳಿ ಸುತ್ತಿಕೊಂಡದ್ದು.

"ಬಸವನಹುಳುವಿನ ಚಿಪ್ಪು ತಾತ. ಇದು ನಿಂತ ನೀರಲ್ಲಿ ಬದುಕೋ ಜಾತಿ. ಕೆಸರು ನೋಡಿದ್ರೆ ಇಲ್ಲಿ ದೊಡ್ಡ ಕೆರೆನೇ ಇತ್ತು."

"ಇಲ್ಲಿ? ಇದೇ ಜಾಗದಾಗೆ?"

"ಇದೇ ಜಾಗದಲ್ಲಿ. ಬೇವಿನ ಮರದ ಹತ್ತಿರ ಬರೀ ಕಲ್ಲು. ನೀರು ಆಳವಾಗಿ ನಿಂತಿದ್ದು ಇಲ್ಲೇ."

"ಯಾವಾಗ?"

"ಲ್ಯಾಬಿನಲ್ಲಿ ನೋಡಬೇಕು. ಅಂದಾಜು ನಾಲ್ಕು ಸಾವಿರ ವರ್ಷದ ಹಿಂದೆ."

ಕಾಟಲಿಂಗಪ್ಪ ಎದ್ದ. ಪಂಚೆಗೆ ಹತ್ತಿದ ಮಣ್ಣು ಕೊಡವಿದ. ಆರು ವರ್ಷದಲ್ಲಿ ಮೊದಲ ಸಲ ಜಂಬಣ್ಣನ ಎದುರಿಗೆ ಹೋಗಿ, ಮುಖಕ್ಕೆ ಮುಖ ಕೊಟ್ಟು ನಿಂತ.

"ಕೇಳಿಸ್ತೇನಲೇ? ನೀರು ಐತೆ ಅಂದಿದ್ದು ಸುಳ್ಳಾ? ಕೊರೆಸಾದು ನೀನು ತಡ ಮಾಡ್ದೆ!"