ಕೈಗೆ ಕೊಟ್ಟ ಕತ್ತರಿ

ಮಣ್ಣು ಮಾಡಿ, ದಿನದ ಕಾರ್ಯವೂ ಮುಗಿದು, ಬಂದ ನೆಂಟರೆಲ್ಲ ಬಸ್ಸು ಹತ್ತಿ ಹೋದ ಮೇಲಿನ ಮೊದಲ ಬೆಳಗು...

ಹಾಲಿನವನು ಎಂದಿನಂತೆ ಬಂದ. ನಲ್ಲಿಯಲ್ಲಿ ನೀರು ಬಂತು. ಪಕ್ಕದ ಮನೆಯ ಕುಕ್ಕರ್ ಕೂಗಿತು.

ಚನ್ನವೀರ ಇಲ್ಲ... ಓಣಿಗೆ ಅದರ ಪರಿವೆಯೇ ಇಲ್ಲ.

ದಾಕ್ಷಾಯಣಿಗೆ ಅಳು ಬರಲಿಲ್ಲ. ಗಂಡ ಹೋದ ದಿನದಿಂದಲೂ ಬಂದಿರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಎದೆ... ಇದೆ, ಆದರೆ ತನ್ನದಲ್ಲ.

ಕಸ ಚೆಲ್ಲಲು ಹಿತ್ತಲಿಗೆ ಹೋದಳು.

ಗುಲಾಬಿ ಗಿಡ ಒಂದು ಬದಿ ಒಪ್ಪವಾಗಿ, ಇನ್ನೊಂದು ಬದಿ ಕೆದರಿದ ತಲೆಯಂತೆ ನಿಂತಿತ್ತು. ಆ ಭಾನುವಾರ ಅಷ್ಟು ಕತ್ತರಿಸಿ, "ಎದಿ ಯಾಕೋ ಹಿಡದಂಗ ಆಗೇತಿ" ಎಂದು ಒಳಗೆ ಬಂದು ಮಲಗಿದವನು ಮತ್ತೆ ಏಳಲಿಲ್ಲ.

ಗೋಡೆಯ ಮೇಲೆ ಕತ್ತರಿ ಹಾಗೇ ಬಿದ್ದಿತ್ತು.

ದೊಡ್ಡ ಕಬ್ಬಿಣದ ಕತ್ತರಿ. ಹಿಡಿಕೆಗೆ ಹಸಿರು ಇಳಕಲ್ ಸೀರೆಯ ಚೂರು ಸುತ್ತಿದೆ. ನೋಡಿದ ಕೂಡಲೇ ಗೊತ್ತಾಯಿತು... ಹಿಂದಿನ ಓಣಿಯ ಗುರುಸಿದ್ದವ್ವನದು. ಹಳೆಯ ಸೀರೆ, ಧೋತರ ಕತ್ತರಿಸಿ, ಊರಿನ ಅರ್ಧ ತೊಟ್ಟಿಲುಗಳಿಗೆ ಕೌದಿ ಹೊಲಿದುಕೊಟ್ಟ ಮುದುಕಿ.

ಅರಿವೆಯ ಕತ್ತರಿಗೆ ಕಾಗದ ತಾಗಿಸಿದರೂ ಹೊಲಿಯುವವರು ಮೈಮೇಲೆ ಬರುತ್ತಾರೆ. ಈ ಪುಣ್ಯಾತ್ಮ ಗುಲಾಬಿ ಟೊಂಗೆ ಕತ್ತರಿಸಿದ್ದ!

ಅಲಗು ಮೊಂಡಾಗಿತ್ತು. ಇಬ್ಬನಿ ಬಿದ್ದು ತುಕ್ಕು ಹಿಡಿದಿತ್ತು. ಸಾವಿನ ಮನೆ ಎಂದು ಪಾಪ, ಮುದುಕಿ ಕೇಳಲು ಬಂದಿರಲಿಲ್ಲ.

ಅವನು ಯಾಕೆ ಎರವಲು ತರಬೇಕಾಯಿತು ಎಂಬುದು ದಾಕ್ಷಾಯಣಿಗೆ ಮಾತ್ರ ಗೊತ್ತಿತ್ತು.

ಒಳಗೆ ಹೋಗಿ ಬೀರು ತೆಗೆದಳು. ಸೀರೆಗಳ ಅಡಿಯಿಂದ ಒಂದು ಪೊಟ್ಟಣ ಎಳೆದಳು. ಬಣ್ಣದ ಕಾಗದ, ರಿಬ್ಬನ್ ಇನ್ನೂ ಹಾಗೇ ಇತ್ತು.

"ಏನವ್ವಾ ಅದು?" ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಗಿಡ ಕತ್ತರಸೋ ಕತ್ತರಿರಿ ಅತ್ತಿ. ಅವರ ಹುಟ್ಟುಹಬ್ಬಕ್ಕ ತಂದಿದ್ದೆ."

"ಮತ್ತ್ಯಾಕ ಕೊಡಲಿಲ್ಲ?"

"ನೀವ ಅಂದಿದ್ರಲ್ಲರಿ... ಕತ್ತರಿ, ಸೂಜಿ, ಚಾಕು ಉಡುಗೊರಿ ಕೊಡಬಾರದು, ಸಂಬಂಧ ಕತ್ತರಿಸಿ ಹೋಗತೈತಿ ಅಂತ."

ಎಂ.ಎ. ಓದಿದವಳು ಆ ಮಾತಿಗೆ ಹೆದರಿದ್ದಳು. ಗಂಡನ ವಿಷಯ, ಯಾಕೆ ಬೇಕು... ಎಂದು ಬಚ್ಚಿಟ್ಟಿದ್ದಳು.

"ನಾ ಕೊಡಲಿಲ್ಲ. ಆದರೂ ಕತ್ತರಿಸಿ ಹೋತಲ್ಲರಿ ಅತ್ತಿ..."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ದಾಕ್ಷಾಯಣಿ ರಿಬ್ಬನ್ ಹರಿದಳು. ಹಿತ್ತಲಿಗೆ ಹೋಗಿ, ಅವನು ಬಿಟ್ಟ ಕಡೆಯಿಂದ ಶುರುಮಾಡಿ ಗುಲಾಬಿಯ ಇನ್ನೊಂದು ಬದಿಯನ್ನೂ ಕತ್ತರಿಸಿ ಮುಗಿಸಿದಳು.

ಆಮೇಲೆ ಹಳೆಯ ಕತ್ತರಿಯ ತುಕ್ಕು ತಿಕ್ಕಿ, ಚೀಲಕ್ಕೆ ಹಾಕಿಕೊಂಡಳು.

"ಎಲ್ಲಿಗೆ ಹೊಂಟಿ?"

"ಸಾಣಿ ಹಿಡಿಸಿ, ಗುರುಸಿದ್ದವ್ವ ಆಯಿಗೆ ಕೊಟ್ಟು ಬರತೀನ್ರಿ."

"ಈಗ? ಮಂದಿ ಏನಂತಾರ? ಅಲ್ಲಿ ಕೂಸಿನ ಕೌದಿ ಹೊಲ್ಯಾಕ ಹತ್ಯಾರಂತ. ಯಾರ ಕೈಯಾಗರ ಕಳಸೋಣು."

"ಇಸ್ಕೊಂಡು ಬಂದವರು ನಮ್ಮನಿಯವರು. ಕೊಡಾಕೂ ನಾನ ಹೋಗತೀನಿ."

ದಾರಿಗೆ ಅಡ್ಡ ನಿಂತಿದ್ದ ಅತ್ತೆ ಸರಿದು ನಿಂತರು.

ಪೇಟೆಯಲ್ಲಿ ಸಾಣೆಯ ಚಕ್ರದಿಂದ ಕಿಡಿ ಹಾರಿದವು. ದಾಕ್ಷಾಯಣಿ ಹಿಂದೆ ಸರಿಯಲಿಲ್ಲ.

ಗುರುಸಿದ್ದವ್ವನ ಪಡಸಾಲೆಯ ತುಂಬ ಕೌದಿ ಹಾಸಿತ್ತು. ಸುತ್ತ ಕೂತ ಹೆಂಗಸರು ಮಾತಾಡುತ್ತ ಹೊಲಿಯುತ್ತಿದ್ದರು. ಬಾಗಿಲಲ್ಲಿ ಇವಳನ್ನು ಕಂಡಿದ್ದೇ ತಡ, ಮಾತೂ ನಿಂತಿತು, ಸೂಜಿಯೂ ನಿಂತಿತು.

ಕೌದಿ ಹೊಲಿಸುತ್ತಿದ್ದ ಪಾರವ್ವ ಮೊದಲು ಬಾಯಿ ಬಿಟ್ಟಳು.

"ಅಲ್ಲೇ ನಿಂದ್ರ ತಂಗಿ... ಹುಟ್ಟೋ ಮೊಮ್ಮಗಂದು ಇದು. ಕತ್ತರಿ ನೆಲದ ಮ್ಯಾಲಿಟ್ಟು ಹೋಗು. ಕೈಗೆ ಕೊಟ್ರ ಜಗಳ ಬರತೈತಿ. ಅದರಾಗ ನಿನ್ನ ಕೈ ಬ್ಯಾರೆ..."

ದಾಕ್ಷಾಯಣಿ ಬಗ್ಗಲಿಲ್ಲ.

"ನೆಲದ ಮ್ಯಾಲೆ ಇಡೂದಿಲ್ಲರಿ. ನಮ್ಮವರು ಕೈಯಾಗ ಇಸ್ಕೊಂಡಿದ್ರು. ನಾನೂ ಕೈಯಾಗ ಕೊಡತೀನಿ."

ಗುರುಸಿದ್ದವ್ವ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

"ಯಾಕ ಪಾರವ್ವಾ, ನಾ ಏನ್ ಮುತ್ತೈದೀನ? ನಿನ್ನ ಮಕ್ಕಳು ಯಾರು ಹೊಲದ ಕೌದ್ಯಾಗ ಬೆಳದಾವು? ನನ್ನ ಕೌದಿ ತೊಟ್ಟಿಲಕ್ಕ ಬೇಕು... ಕೂಸಿನ್ನ ತೊಟ್ಟಿಲಕ್ಕ ಹಾಕೋ ದಿನ ನಾ ಬ್ಯಾಡ. ಇಷ್ಟು ವರ್ಷ ಬಾಯಿ ಮುಚಗೊಂಡು ಹೊಲದೆ. ಈ ಹುಡುಗಿಗೂ ಅದನ್ನ ಕಲಸಲೇನು?"

ಪಾರವ್ವ ಕೌದಿಯ ಅಂಚನ್ನು ಮಡಚಿ ದಾರಿ ಬಿಟ್ಟಳು.

ಮುದುಕಿ ದಾಕ್ಷಾಯಣಿಯ ಕಡೆ ತಿರುಗಿದಳು. "ಅರಿವಿ ಕತ್ತರಸಾಕ ಬೇಕು ಆಯಿ ಅಂತ ಒಯ್ದಿದ್ದ, ಕಳ್ಳ! ಅಂವನ ಉಗರಾಗ ಮಣ್ಣಿತ್ತು. ಗುಲಾಬಿಗೇ ಒಯ್ಯಾಕ ಹತ್ಯಾನಂತ ಗೊತ್ತಿದ್ದೂ ಕೊಟ್ಟೆ..."

ದಾಕ್ಷಾಯಣಿ ನಕ್ಕಳು. ನಗುತ್ತಿದ್ದ ಹಾಗೇ ಕಣ್ಣು ತುಂಬಿ ಬಂದವು... ಗಂಡ ಹೋದ ಮೇಲೆ ಮೊದಲ ಸಲ.

ಗುರುಸಿದ್ದವ್ವ ಬಲಗೈ ಚಾಚಿದಳು. "ಕೊಡು."

"ಆಯಿ... ಜಗಳ ಬರತೈತಂತ."

"ಬರಲಿ ಬಿಡ. ಜಗಳ ಆಡಾಕರ ಒಬ್ರು ಬೇಕಲ್ಲ... ನನಗೂ, ನಿನಗೂ."

ದಾಕ್ಷಾಯಣಿ ಹೊಸ್ತಿಲು ದಾಟಿ ಒಳಗೆ ಬಂದಳು. ಕತ್ತರಿಯನ್ನು ಆ ಅಂಗೈಯಲ್ಲಿ ಇಟ್ಟಳು.

ಮುದುಕಿಯ ಬೆರಳುಗಳು ಮುಚ್ಚಿಕೊಂಡವು... ಕತ್ತರಿಯ ಮೇಲೂ, ಅವಳ ಕೈಯ ಮೇಲೂ.

.

ಕತ್ತರಿಯ ಅಲಗಿಗಿಂತ ಹೆದರಿಕೆಯ ಅಲಗು ಹರಿತ.

.

ಹೆದರಿ ಬಚ್ಚಿಟ್ಟ ಉಡುಗೊರೆಯೊಂದು ನಿಮ್ಮ ಬೀರುವಿನಲ್ಲೂ ಇದೆಯಾ? ಅದು ಸೇರಬೇಕಾದ ಕೈ ಇವತ್ತಿಗೂ ಬೆಚ್ಚಗಿದೆ ತಾನೇ?