ಇನ್ನೊಂದು ಬಗೆ

ಅನಾಥಾಶ್ರಮದ ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸವನ್ನು ಅಲ್ಲೇ ಬೆಳೆದ ಶಾಂಭವಿ ಸೇವೆಯೆಂದು ವಹಿಸಿಕೊಂಡಿದ್ದಳು. ಹಿಂದೆ ಮೇಲ್ವಿಚಾರಕರಾಗಿದ್ದ ಗುರುಪಾದಯ್ಯನವರು ಜಪಮಣಿ ಹಿಡಿದು ಪಕ್ಕದಲ್ಲಿ ಕೂತಿದ್ದರು.

"ಅಜ್ಜಾ, ಈ ಕಂಪ್ಯೂಟರಿಗೂ ನಿಮ್ಮಂಥದೇ ಶಿಸ್ತು. ಯಾವ ಬಗೆ ಅಂತ ಹೇಳದೆ ಯಾವ ಮಗುವಿನ ಹೆಸರನ್ನೂ ಒಳಗೆ ಬಿಡುವುದಿಲ್ಲ. 'ಬೀದಿಯಲ್ಲಿ ಸಿಕ್ಕವರು', 'ಹೆತ್ತವರು ತೀರಿಕೊಂಡವರು' ಅಂತ ಎರಡು ಮಾಡಿದ್ದೇನೆ. ಸಾಕಲ್ಲ?"

"ಇನ್ನೊಂದು ಮಾಡಮ್ಮ. 'ತಾಯಿ ಹುಡುಕಿ ಬಂದರೂ ಕೊಡದೆ ಉಳಿಸಿಕೊಂಡವರು'."

ಶಾಂಭವಿಯ ಬೆರಳು ನಿಂತಿತು. "ಯಾಕೆ ಕೊಡಲಿಲ್ಲ?"

"ಮಗು ಚೆನ್ನಾಗಿ ಓದುತ್ತಿತ್ತು. ತಾಯಿ ಕೂಲಿಯವಳು, ಮಗುವಿಗೆಂದು ಹಸಿರು ಲಂಗ ತಂದಿದ್ದಳು. ಮಗು ಸತ್ತಿತೆಂದು ಸುಳ್ಳು ಹೇಳಿ ಕಳಿಸಿದೆ. ಮೊನ್ನೆ ಆ ತಾಯಿ ತೀರಿಕೊಂಡಳು."

"ಶಿವನೇ! ಅಂಥವರು ಎಷ್ಟು ಮಂದಿ?"

"ಒಬ್ಬಳೇ."

"ಹೆಸರು ಹೇಳಿ, ತುಂಬುತ್ತೇನೆ."

"ನಿನ್ನದೇ ಬರೆದುಕೋ, ಮಗಳೇ."